ವಿಭೂತಿ ಹಚ್ಚಿದ ಕ್ಯಾಮೆರಾ

ಬಸವೇಶ್ವರನಗರದ ವತ್ಸಲಾ ಅವರ ಮುಂದೆ ಹಳೆಯ ಕ್ಯಾಮೆರಾ ಇಟ್ಟರೆ ಅವರ ಕಾಫಿ ತಣ್ಣಗಾಗುತ್ತದೆ. ಕೈಗಡಿಯಾರದ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸಿ ನಿವೃತ್ತರಾದವರು ಅವರು. ಈಗ ರೀಲು ಹಾಕುವ ಕ್ಯಾಮೆರಾಗಳನ್ನು ಪರೀಕ್ಷಿಸಿ, ಕೆಲಸಕ್ಕೆ ಬರುತ್ತದೋ ಇಲ್ಲವೋ ಹೇಳುತ್ತಾರೆ. ಕೆಂಗೇರಿಯ ಕಾಲೇಜು ಹುಡುಗರೂ ಹುಡುಕಿಕೊಂಡು ಬರುತ್ತಾರೆ. ಅವರದೊಂದು ಕಟ್ಟಳೆಯಿದೆ: ಮೊದಲು ಕ್ಯಾಮೆರಾ ಮಾತಾಡಬೇಕು, ತಂದವರು ಆಮೇಲೆ.

ಆಯುಧಪೂಜೆ ಮುಗಿದ ವಾರ ಅನ್ನಪೂರ್ಣೇಶ್ವರಿ ನಗರದ ಸೌಂದರ್ಯಾ ತನ್ನ ತಾತನ ಕ್ಯಾಮೆರಾ ತಂದಳು. ದಾವಣಗೆರೆಯಲ್ಲಿ ಸ್ಟುಡಿಯೊ ನಡೆಸಿದ್ದ ತಾತ ಈಗಿಲ್ಲ. ಜೊತೆಗೆ ಅಜ್ಜಿ ಲಕ್ಷ್ಮವ್ವ ಬಂದಿದ್ದರು.

ವತ್ಸಲಾ ಕ್ಯಾಮೆರಾವನ್ನು ಕಿವಿಗೆ ಹಿಡಿದು, ಶಟರನ್ನು ತೀರಾ ನಿಧಾನದ ವೇಗಕ್ಕಿಟ್ಟು ಗುಂಡಿ ಒತ್ತಿದರು. ಒಳಗಿನ ಹಲ್ಲುಚಕ್ರ ಜೀರ್ ಎಂದು ತಿರುಗಿ ಟಕ್ ಎಂದಿತು.

"ಎಲ್ಲೂ ಎಡವ್ತಾ ಇಲ್ಲ ಕಣಮ್ಮ!" ಅವರ ದನಿ ಆಗಲೇ ಏರಿತ್ತು.

ಬೆಳಕು ಒಳನುಗ್ಗದಂತೆ ಹಿಂಬದಿಯ ಬಾಗಿಲಿಗೆ ಅಂಟಿಸಿದ್ದ ಸ್ಪಂಜು ಟಾರಿನಂತೆ ಅಂಟಾಗಿತ್ತು. "ಇದು ಎಲ್ಲಾದ್ರಲ್ಲೂ ಹೋಗಿರತ್ತೆ, ಬದಲಾಯಿಸಿದ್ರಾಯ್ತು" ಎನ್ನುತ್ತ ಲೆನ್ಸಿನ ಮುಚ್ಚಳ ತೆಗೆದವರು ಕ್ಯಾಮೆರಾವನ್ನು ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಮೂರು ಬಿಳಿ ಪಟ್ಟೆಗಳು, ನಡುವೆ ಕುಂಕುಮ. ಅಂಚಿನ ಸುತ್ತ ದಪ್ಪಗೆ ಹೆಪ್ಪುಗಟ್ಟಿತ್ತು.

ಸೌಂದರ್ಯಾ ದುಪಟ್ಟಾ ಎತ್ತಿದಳು. ವತ್ಸಲಾ ಅವಳ ಕೈ ಹಿಡಿದರು. "ಒರೆಸ್ಬೇಡ! ಬೂದಿ ಅದು, ಪಾತ್ರೆ ಉಜ್ಜಿದ ಹಾಗೆ ಗಾಜು ಉಜ್ಜಿಬಿಡತ್ತೆ."

"ಪಾತ್ರೆ ಬೂದಿ ಅಲ್ಲವ್ವಾ, ವಿಭೂತಿ" ಎಂದರು ಲಕ್ಷ್ಮವ್ವ.

"ಅಜ್ಜಿ, ಯಾರಾದ್ರೂ ಲೆನ್ಸಿಗೆ ಹಚ್ತಾರಾ?"

"ಮತ್ತೆ ಅದಕ್ಕೆ ಹಣೆ ಎಲ್ಲೈತೆ? ಮುಖದಂಗೆ ದುಂಡಗೆ ಕಂಡಿದ್ದು ಅದೊಂದೇ. ನಿಮ್ಮ ತಾತ ಹೋದಮೇಲೆ ವರ್ಷಾ ವರ್ಷಾ ನಾನೇ ಹಚ್ತೀನಿ." ಅಜ್ಜಿಯ ದನಿ ಕುಗ್ಗಿತು. "ನಾನೇ ಹಾಳು ಮಾಡಿಬಿಟ್ನೇನವ್ವಾ?"

ವತ್ಸಲಾ ಲೆನ್ಸಿನ ಅಂಚಿಗೆ ಕಣ್ಣು ಹತ್ತಿರ ತಂದರು. ಒದ್ದೆ ವಿಭೂತಿಯ ನೀರು ಒಳಗಿಳಿದಿದ್ದರೆ ಗಾಜುಗಳ ನಡುವೆ ಬೂಷ್ಟು ಹಿಡಿದಿರುತ್ತದೆ. ಹಾಗಾದರೆ ಲೆನ್ಸು ಮುಗಿಯಿತು. ಅವರು ರಬ್ಬರ್ ಬುಡ್ಡೆಯಿಂದ ಪುಡಿ ಊದಿದರು, ಅಂಚನ್ನು ಕುಂಚದಿಂದ ಮೆಲ್ಲಗೆ ಕೆರೆದರು. ಅಲ್ಲಿ ಒಂದರ ಮೇಲೊಂದು ಎರಡು ಲೋಹದ ಬಳೆಗಳು ಕಂಡವು.

"ಅಜ್ಜಿ! ನೀವು ಹಚ್ಚಿರೋದು ಲೆನ್ಸಿಗಲ್ಲ! ಅದನ್ನ ಕಾಯೋಕೆ ಮುಂದೆ ಹಾಕಿರೋ ಬೇರೆ ಗಾಜಿಗೆ, ಫಿಲ್ಟರಿಗೆ!"

ಆದರೆ ಫಿಲ್ಟರು ಬಿಗಿದುಕೊಂಡಿತ್ತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ತಿರುಗಿಸಿದರು. ಕದಲಲಿಲ್ಲ. ಸೌಂದರ್ಯಾ ಕ್ಯಾಮೆರಾ ಗಟ್ಟಿಯಾಗಿ ಹಿಡಿದಳು, ವತ್ಸಲಾ ಮತ್ತೆ ತಿರುಗಿಸಿದರು. ಕರಕ್ ಎಂದು ಬಿಟ್ಟುಕೊಂಡಿತು.

ವತ್ಸಲಾ ಹಿಂದಿನಿಂದ ಟಾರ್ಚು ಹಾಯಿಸಿದರು. ಬೂಷ್ಟಿದ್ದರೆ ಜೇಡರ ಬಲೆಯಂಥ ಎಳೆಗಳು ಕಾಣಬೇಕು. ನೀಲಿ ಛಾಯೆಯ ಗಾಜು, ನಾಲ್ಕಾರು ಧೂಳಿನ ಕಣ, ಅಷ್ಟೇ.

"ಒಂದೆಳೆ ಇಲ್ಲ! ನೋಡಿ ಅಜ್ಜಿ, ನೀವೇ ನೋಡಿ!"

ಲಕ್ಷ್ಮವ್ವ ನೋಡಲಿಲ್ಲ, ಕೈ ಚಾಚಿದರು. "ಕೊಡಿಲ್ಲಿ. ಅವ್ರಿದ್ದಾಗ ಮುಟ್ಟಾಕೆ ಬಿಡ್ತಿರ್ಲಿಲ್ಲ."

ಕಣ್ಣಿಗೆ ಹಿಡಿದು ಗುಂಡಿ ಒತ್ತಿದರು. ಟಕ್ ಎಂದ ಸದ್ದಿಗೆ ತಾವೇ ಬೆಚ್ಚಿ ನಕ್ಕರು. "ಇನ್ನೊಂದು ಸಲ ಮಾಡಿಕೊಡವ್ವಾ."

ವತ್ಸಲಾ ರೀಲು ಸರಿಸುವ ಸನ್ನೆಕೋಲು ತಿರುಗಿಸಿ ಕೊಟ್ಟರು. ಅಜ್ಜಿ ಕ್ಯಾಮೆರಾವನ್ನು ಅವರತ್ತಲೇ ತಿರುಗಿಸಿದರು.

"ರೀಲೇ ಹಾಕಿಲ್ಲ ಅಜ್ಜಿ" ಎಂದಳು ಸೌಂದರ್ಯಾ.

"ಇರ್ಲಿ. ನೀನೂ ಪಕ್ಕದಾಗೆ ನಿಂತ್ಕಾ. ಇಬ್ರೂ ನಗ್ರಿ."