ಅರಿಶಿಣ ಹಚ್ಚಿದ ಉತ್ತರ ಪತ್ರಿಕೆಗಳು

ಗುಲಬರ್ಗಾದಲ್ಲಿ ರೈಲು ಇಳಿದಾಗ ಇನ್ನೂ ಬೆಳಗಿನ ಹೊತ್ತು. ಬಿಸಿಲು ಮಾತ್ರ ನನಗಿಂತ ಮೊದಲೇ ಬಂದು ಕೂತಿತ್ತು. ಏಪ್ರಿಲ್ ತಿಂಗಳ ಕೊನೆ. ಬೆಂಗಳೂರು ಬಿಡುವಾಗ ಹೆಂಡತಿ, "ಜನ ಈ ಕಾಲದಲ್ಲಿ ಊಟಿಗೆ ಹೋಗುತ್ತಾರೆ, ನೀವು ಬೀದರ ಜಿಲ್ಲೆಗೆ ಹೊರಟಿರಿ" ಎಂದು ನಕ್ಕಿದ್ದಳು. ಹೆಗಲ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಕಟ್ಟು ಉತ್ತರ ಪತ್ರಿಕೆ. ಆ ಕಟ್ಟೇ ಈ ಪ್ರಯಾಣಕ್ಕೆ ಕಾರಣ.

ಎಂಬತ್ತರ ದಶಕದ ಮಾತು. ಶಾಲಾ ಮಕ್ಕಳಿಗೆ ಪರೀಕ್ಷೆ ರೂಪಿಸುವ ಕಚೇರಿಯೊಂದರಲ್ಲಿ ನಾನಿದ್ದೆ. ಏಳನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳನ್ನು ಆರಿಸಿ ಪುಕ್ಕಟೆ ವಸತಿ ಶಾಲೆಗೆ ಕಳಿಸಲು, ಎಲ್ಲ ಜಿಲ್ಲೆಗೂ ಒಂದೇ ಅಳತೆಯ ಪರೀಕ್ಷೆ ಮಾಡಿದ್ದೆವು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಸರಿಯಾದದ್ದರ ಸುತ್ತನ್ನು ಪೆನ್ಸಿಲಿನಿಂದ ತುಂಬಿದರೆ ಸಾಕು, ಅಂಕ ಹಾಕುವುದು ಕಂಪ್ಯೂಟರಿನ ಕೆಲಸ. ಲೆಕ್ಕದ ಪ್ರಶ್ನೆಗಳು ನನ್ನವು. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ವಶೀಲಿ ಗೊತ್ತಿಲ್ಲ ಎಂದು ನಾವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದ್ದೆವು. ಆದರೆ ಹುಮನಾಬಾದಿನ ಹತ್ತಿರದ ಒಂದು ಹಳ್ಳಿಯ ಕಟ್ಟನ್ನು ಯಂತ್ರ ಇಡಿಯಾಗಿ ಹೊರಗೆ ತಳ್ಳಿತ್ತು. ಪ್ರತಿ ಹಾಳೆಯ ತಲೆಯಲ್ಲೂ ಹಳದಿ, ಕೆಂಪು ಕಲೆ. ಯಾರ ಕೈವಾಡ ಎಂದು ನೋಡಿಕೊಂಡು ಬರಲು ನಮ್ಮ ಸಾಹೇಬರು ನನ್ನನ್ನು ಕಳಿಸಿದ್ದರು.

ಹುಮನಾಬಾದಿಗೆ ಸುಮಾರು ಅರವತ್ತು ಕಿಲೋಮೀಟರು, ಬಸ್ಸಿನಲ್ಲಿ ಎರಡು ತಾಸಿನ ದಾರಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಕಿಟಕಿಯ ತನಕ ಬಂದವು; ಎರಡು ತಿಂದೆ. ಅಲ್ಲಿಂದ ಮುಂದೆ ಎರಡೂ ಕಡೆ ಬೋಳು ಹೊಲ, ಬಿರುಕು ಬಿಟ್ಟ ಎರೆಮಣ್ಣು. ಹುಮನಾಬಾದ್ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಕೊಟ್ಟವನು ನನ್ನ ಕನ್ನಡ ಕೇಳಿ, "ಮೈಸೂರ ಕಡಿಯವರೇನ್ರಿ?" ಎಂದು ಎರಡನೇ ಕಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹಳ್ಳಿ, ಪಕ್ಕದ ಮಠದ ಊರು ಮಾಣಿಕನಗರದ ಆಚೆ, ನಡೆದು ಹೋಗುವಷ್ಟು ದೂರ. ರಜೆ ಬಿದ್ದಿದ್ದರೂ ಹೆಡ್ ಮಾಸ್ತರರು ಶಾಲೆಯಲ್ಲೇ ಕಾಯುತ್ತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ, ಬಿಳಿ ಟೋಪಿಯ ತೆಳ್ಳನೆಯ ಮನುಷ್ಯ. ನಾನು ಕಟ್ಟು ಬಿಚ್ಚಿ ಕಲೆ ತೋರಿಸಿದೆ. ಅವರು ಅಡಗಿಸಲಿಲ್ಲ, ಹೆದರಲೂ ಇಲ್ಲ.

"ಇದು ನಾನೇ ಹಚ್ಚಿದ್ದರಿ, ಸಾಹೇಬ್ರ. ಅರಿಶಿಣ, ಕುಂಕುಮ. ಕೋರಾ ಕಾಗದದ ಮ್ಯಾಲ ಹಂಗ ಹ್ಯಾಂಗ ಬರೀಬೇಕ್ರಿ? ನಮ್ಮ ಕಡಿ ತಲಿ ಮ್ಯಾಲ ಏನೂ ಇಲ್ಲದ ಕಾಗದ ಅಂದ್ರ ಸತ್ತ ಸುದ್ದಿ ಕಾಗದ. ಮಕ್ಕಳು ಮೊದಲ ಸಲ ಕಂಪ್ಯೂಟರ್ ಪರೀಕ್ಷಾ ಬರಿಯಾಕತ್ತಾರ, ಒಳ್ಳೇದಾಗ್ಲಿ ಅಂತ ಎಲ್ಲಾರ ಹಾಳಿಗೂ ಹಚ್ಚೀನಿ. ಬಾಜೂಕ ಹುಡುಗರು ಶ್ರೀ ಬರದಾರ. ಮುಸಲ್ಮಾನರ ಹುಡುಗರು ತಮ್ಮ ಏಳುನೂರಾ ಎಂಬತ್ತಾರು ಬರದಾರ."

ಹಾಳೆಯ ತಲೆಯಲ್ಲಿದ್ದ ಸಣ್ಣ ಕಪ್ಪು ಗೀಟುಗಳನ್ನು ತೋರಿಸಿದೆ. ಯಂತ್ರಕ್ಕೆ ಕಣ್ಣು ಅವೇ. ಅವನ್ನು ಹಿಡಿದುಕೊಂಡೇ ಅದು ಸಾಲು ಹುಡುಕುತ್ತದೆ. ಅವು ಮುಚ್ಚಿಹೋದರೆ ಮುಂದಿನದನ್ನು ನೋಡುವುದೇ ಇಲ್ಲ. ಈ ಗೀಟುಗಳನ್ನು ಅಲ್ಲೇ ಇಡಬೇಕೆಂದು ಬೆಂಗಳೂರಿನಲ್ಲಿ ಕೂತು ತೀರ್ಮಾನಿಸಿದಾಗ, ಜನ ಕಾಗದದ ತಲೆಗೆ ಏನು ಮಾಡುತ್ತಾರೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಮಾಸ್ತರರು ಕಲೆಯನ್ನು ಬೆರಳಿನಿಂದ ಒರೆಸಿ ನೋಡಿದರು. "ಒಳ್ಳೇದಾಗ್ಲಿ ಅಂತ ಹಚ್ಚಿದ್ನಲ್ರಿ" ಎಂದರು. ಅವರ ಮುಖ ನೋಡಲಾಗದೆ ನಾನು ಕಟ್ಟನ್ನು ಮತ್ತೆ ಕಟ್ಟತೊಡಗಿದೆ.

"ರುಕ್ಮಾ ಅಂತ ಒಂದ್ ಹುಡುಗಿ ಅದರಿ. ಕುರಿ ಕಾಯೋರ ಮನಿದು. ಊರಾಗ ಏಳನೇತ್ತದ ಮುಂದ ಸಾಲಿ ಇಲ್ಲ. ನಿಮ್ಮ ಪಟ್ಟಿಯೊಳಗ ಹೆಸರು ಬರಲಿಲ್ಲ. ಫೇಲಾದೆ ಅಂತ ತಿಳದು ಅಪ್ಪನ ಹಿಂದ ಕುರಿ ಹೊಡ್ಕೊಂಡು ಹೋಗ್ಯಾಳ. ಬಸವಕಲ್ಯಾಣದ ಕಡಿ ರೋಡಿನ ಮ್ಯಾಲೇ ಹೊಲದಾಗ ಕುರಿ ತರುಬ್ಯಾರಂತ. ಆಕಿ ಹಾಳಿ ಒಂದರೆ ಕೈಲೆ ನೋಡ್ರಿ."

ಸಂಜೆ ಮಾಣಿಕನಗರದ ಮಠದ ವಸತಿಗೃಹದ ಕಟ್ಟೆಯ ಮೇಲೆ ಕೂತು ಅವಳ ಹಾಳೆಯನ್ನು ಕೈಯಲ್ಲೇ ನೋಡಿದೆ. ಸುತ್ತುಗಳನ್ನು ಅಂಚು ಮೀರದಂತೆ ತುಂಬಿದ್ದಳು. ಒಂದೇ ತಪ್ಪು ಸಿಕ್ಕಿತು. ಕಟ್ಟಿನ ಜೊತೆಗಿದ್ದ ಪ್ರಶ್ನೆ ಪತ್ರಿಕೆ ತೆಗೆದು ಓದಿದರೆ ಆ ಪ್ರಶ್ನೆ ನನ್ನದೇ, ಎರಡು ಉತ್ತರ ಸರಿಯಾಗುವಂತೆ ಬರೆದಿದ್ದೆ; ಅವಳು ತುಂಬಿದ್ದೂ ಸರಿಯೇ. ಮಠದ ಕಡೆಯಿಂದ ಭಜನೆ ಕೇಳಿ ಬರುತ್ತಿತ್ತು. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಬಸವಕಲ್ಯಾಣದ ಬಸ್ಸು ಹಿಡಿದೆ. ಪುಣೆ, ಹೈದರಾಬಾದಿನ ಲಾರಿಗಳು ಧೂಳೆಬ್ಬಿಸುತ್ತ ಎದುರಾದವು. ಕಲ್ಯಾಣ ಇನ್ನೂ ಸ್ವಲ್ಪ ದೂರವಿರುವಾಗ ಬೋಳು ಹೊಲದಲ್ಲಿ ಕುರಿ ಹಿಂಡು ಕಾಣಿಸಿತು. ಕಂಡಕ್ಟರಿಗೆ ಹೇಳಿ ಇಳಿದೆ. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಹೀಗೆ ಕುರಿ ನಿಲ್ಲಿಸಿಕೊಂಡು, ಕಾಯುವವರಿಗೆ ಜೋಳ ಕೊಡುತ್ತಾರೆ. ಬೇವಿನ ನೆರಳಲ್ಲಿ ರುಕ್ಮಾಳ ಅಪ್ಪ ಕಂಬಳಿ ಹಾಸಿ ಕೂಡಿಸಿ, ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಕೊಟ್ಟ. ಬಂದ ಕೆಲಸ ಕೇಳಿದ್ದು ಆಮೇಲೆ. ರುಕ್ಮಾ ಒಂದು ಮರಿಯನ್ನು ಎತ್ತಿಕೊಂಡು ದೂರವೇ ನಿಂತಿದ್ದಳು.

"ಕಂಪ್ಯೂಟರ್ ನನ್ನ ಲೆಕ್ಕ ತಪ್ಪ ಅಂತೇನ್ರಿ?" ಎಂದಳು.

"ಇಲ್ಲಮ್ಮ. ಅದು ನಿನ್ನ ಹಾಳೆ ನೋಡಲೇ ಇಲ್ಲ."

"ನೋಡಲಾರ್ದ ಹ್ಯಾಂಗ ಫೇಲ್ ಮಾಡ್ತದ್ರಿ?"

 ಅರಿಶಿಣದ ಕಥೆ ಹೇಳಿದೆ. ನಾನು ನೋಡಿದ್ದೇನೆ, ಬಹಳ ಚೆನ್ನಾಗಿ ಬರೆದಿದ್ದೀಯ ಎಂದೂ ಹೇಳಿದೆ. ಅವಳು ಮರಿಯ ಕಿವಿ ಸವರುತ್ತ, ಮೊದಲ ಸಲ ನಕ್ಕಳು. ಮುಂದಿನ ವರ್ಷ ಅವಳ ವಯಸ್ಸು ನಿಯಮ ಮೀರುತ್ತಿತ್ತು. ಈ ಸಲ ಸಿಕ್ಕರೆ ಸಿಕ್ಕಿತು. ಬೆಂಗಳೂರಿಗೆ ಫೋನ್ ಮಾಡಿ ಕೇಳುತ್ತೇನೆ ಎಂದೆ.

ಏಳುವಾಗ ಅಪ್ಪ ಹೇಳಿದ: "ನಾವು ಎಲ್ಲಿರ್ತೀವೋ ಏನೋರಿ. ನಮ್ಮವ್ವ ಊರಾಗ ಅದಾಳ, ಆಕಿ ಹೆಸರಿಗಿ ಕಾರ್ಡ್ ಹಾಕ್ರಿ. ಬೆಂಗಳೂರ ಕಾರ್ಡ್ ಬರ್ತದಂತ ಹೇಳಿ ಕಳಿಸ್ತೀನಿ. ಆಕಿಗಿ ಓದಾಕ ಬರಂಗಿಲ್ಲ. ಕೆಲಸ ಆದ್ರ ಮ್ಯಾಲ ಅರಿಶಿಣ ಹಚ್ಚಿಬಿಡ್ರಿ. ಆಗಲಿಲ್ಲಂದ್ರ ಹಂಗೇ ಕಳಸ್ರಿ. ನೋಡಿದ ಕೂಡ್ಲೇ ತಿಳಕೋತಾಳ."

ಬಸವಕಲ್ಯಾಣದ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬರೆಸಿದೆ. ಆ ದಿನ ಲೈನು ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸಾಹೇಬರ ದನಿ ಬಾವಿಯೊಳಗಿನಿಂದ ಬಂದಂತೆ ಬಂತು. ಈ ಕಟ್ಟನ್ನು ನಾವು ಕೈಯಲ್ಲೇ ನೋಡೋಣ ಎಂದು ಕೂಗಿ ಹೇಳಿದೆ.

"ಎಲ್ಲರದನ್ನೂ ಯಂತ್ರ ನೋಡಿದೆ. ಒಂದು ಹಳ್ಳಿಯದನ್ನು ಮನುಷ್ಯರು ನೋಡಿದರೆ ಒಂದೇ ಅಳತೆ ಹೇಗಾಯಿತು?"

"ಹೊಸ ಹಾಳೆಗೆ ಉತ್ತರ ಇಳಿಸಿ ಯಂತ್ರಕ್ಕೇ ಕೊಡೋಣ ಸಾರ್."

"ಸುತ್ತು ತುಂಬಿದ್ದು ಮಕ್ಕಳೋ ನೀವೋ ಅಂತ ಯಾರು ನಂಬುತ್ತಾರೆ? ಮುಂದಿನ ವರ್ಷ ತಲೆಯಲ್ಲಿ ಜಾಗ ಬಿಟ್ಟು ಮುದ್ರಿಸೋಣ. ಅದನ್ನು ವರದಿಯಲ್ಲಿ ಬರೆಯಿರಿ."

ಒಂದು ಹುಡುಗಿಯ ವಯಸ್ಸು ಮೀರುತ್ತದೆ ಎಂದೆ. "ಪಾಪ" ಎಂದರು, ಲೈನು ಹೋಯಿತು. ಅವರು ಕೆಟ್ಟವರಲ್ಲ. ಜಿಲ್ಲೆಗಳ ಮಾಸ್ತರರಿಗೆ ತರಬೇತಿ ಕೊಡುವಾಗ ಒಂದೇ ಅಳತೆ ಎಂಬ ಅವೇ ಮಾತುಗಳನ್ನು ನಾನೂ ಆಡಿದವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಪೂಜಾರಿಯೇ ಬೇಡವೆಂದು ಯಂತ್ರ ತಂದು, ಅದರ ಬಾಗಿಲಲ್ಲಿ ನಾವೇ ನಿಂತಿದ್ದೆವು.

ಹೇಳುವುದನ್ನು ಎದುರಿಗೇ ಹೇಳಬೇಕೆಂದು ವಾಪಸು ಬರುವಾಗ ಅದೇ ಹೊಲದ ಹತ್ತಿರ ಇಳಿದೆ. ಹಿಂಡು ಇರಲಿಲ್ಲ. ಬೇವಿನ ಕೆಳಗೆ ಮೂರು ಕಲ್ಲು, ಬೂದಿ. "ನಸುಕಿನ್ಯಾಗೇ ಭಾಲ್ಕಿ ಕಡಿ ಹೊಂಟರ್ರಿ" ಎಂದು ಹೊಲದವನು ಕೈ ತೋರಿಸಿದ. ಆ ಕಡೆ ನೋಡಿದೆ. ಬಿಸಿಲ ಝಳ ಬಿಟ್ಟು ಏನೂ ಕಾಣಲಿಲ್ಲ. ಮುಂದಿನ ಬಸ್ಸಿಗೆ ಬಹಳ ಹೊತ್ತು ನಿಂತೆ.

ಗುಲಬರ್ಗಾ ನಿಲ್ದಾಣದಲ್ಲಿ ರೈಲಿಗೆ ಇನ್ನೂ ಸಮಯವಿತ್ತು. ರುಕ್ಮಾಳ ಅಜ್ಜಿಗೆಂದು ಒಂದು ಕಾರ್ಡು ಕೊಂಡು ಬೆಂಚಿನ ಮೇಲೆ ಕೂತೆ. ಚಿಕ್ಕಂದಿನ ಅಭ್ಯಾಸ, ಪೆನ್ನು ತಾನಾಗಿಯೇ ಶ್ರೀ ಬರೆಯಲು ತಲೆಯ ಕಡೆ ಹೋಯಿತು. ತಡೆದು, ಒಂದೆರಡು ಸಾಲು ಕೆಳಗೆ ಶುರುಮಾಡಿದೆ. ರುಕ್ಮಾ ಚೆನ್ನಾಗಿ ಬರೆದಿದ್ದಾಳೆ, ಅವಳದು ಒಂದೇ ತಪ್ಪು, ಅದೂ ಅವಳದಲ್ಲ ಎಂದು ಬರೆದೆ. ಅದನ್ನು ಯಾರಾದರೂ ಓದಿ ಹೇಳಲಿ ಎಂದು ಅಕ್ಷರ ದೊಡ್ಡದಾಗಿ ಬರೆದೆ.

ನಿಲ್ದಾಣದ ಹೊರಗೆ ಹೂ ಮಾರುವವಳ ಬುಟ್ಟಿಯಲ್ಲಿ ಅರಿಶಿಣದ ಪೊಟ್ಟಣಗಳಿದ್ದವು. ಒಂದು ಚಿಟಿಕೆ ಹಚ್ಚಿದ್ದರೆ ಆ ಮುದುಕಿ ಓದಿಸುವ ಮೊದಲೇ ಓಣಿಗೆಲ್ಲ ಸಕ್ಕರೆ ಹಂಚಿರುತ್ತಿದ್ದಳು. ತಲೆಯ ಜಾಗವನ್ನು ಖಾಲಿಯೇ ಬಿಟ್ಟು ಕಾರ್ಡನ್ನು ಡಬ್ಬಿಗೆ ಹಾಕಿದೆ.