ಮಣ್ಣಿಗೆ ತಪ್ಪದ ಸಾಹೇಬರು

ಎರಡು ಸಲ ಶಾಸಕರಾಗಿ, ಒಂದು ಸಲ ಸಂಸದರಾಗಿ, ಈಗ ಬೀದರಿನ ಮೈಲೂರಿನ ಮನೆಯಲ್ಲಿ ಕುಳಿತಿರುವ ನಮ್ಮ ಸಾರಂಗಧರರಾವ್ ಸಾಹೇಬರು ಮದುವೆಗೆ ತಪ್ಪಿಸಿಕೊಂಡಾರು, ಮಣ್ಣಿಗೆ ತಪ್ಪಿಸಿಕೊಂಡವರಲ್ಲ. ಭಾಲ್ಕಿ ಕಡೆಯ ಸಾಯಗಾಂವವಿರಲಿ, ಔರಾದ ಕಡೆಯ ಚಿಂತಾಕಿಯಿರಲಿ, ಬೀಗರಿಗೆ ಸುದ್ದಿ ಮುಟ್ಟುವ ಮೊದಲೇ ಅವರ ಬಿಳಿ ಜೀಪು ಓಣಿಯಲ್ಲಿ ನಿಂತಿರುತ್ತದೆ. ಇಳಿಯುವಾಗ ಡ್ರೈವರ್ ಸಿಲಾಸ ಕಿವಿಯಲ್ಲಿ ಸತ್ತವರ ಹೆಸರು ಹೇಳುತ್ತಾನೆ. ಸಾಹೇಬರು ಹೆಣಕ್ಕೆ ಮಾಲೆ ಹಾಕಿ, ಅಳುವವರ ತಲೆ ಮೇಲೆ ಕೈಯಿಟ್ಟು, "ಧೈರ್ಯ ತಗೋರಿ, ನಾ ಇದ್ದೇನಿ" ಎಂದು, ಐದೇ ನಿಮಿಷಕ್ಕೆ ಗಡಿಯಾರ ನೋಡಿ ಏಳುತ್ತಾರೆ. ಆಸ್ಪತ್ರೆ ಕೇಳಿದ ಊರುಗಳಿಗೂ ಅವರು ತಂದದ್ದು ಮಾಲೆಯನ್ನೇ. ನಾವು ಓಟು ಹಾಕಿದ್ದೂ ಅದಕ್ಕೇ. ಸೋತ ಮೇಲೂ ಆ ರೂಢಿ ಬಿಡಲಿಲ್ಲ. ಹೋದ ಸೋಮವಾರ ಅವರ ಹೆಂಡತಿಯೇ ತೀರಿಕೊಂಡರು. ಸಾಹೇಬರು ಒಳಗಿನಿಂದ ಬಂದು, ಮಾಲೆ ಹಾಕಿ, ಮಗಳು ಮುಕ್ತಾಳ ತಲೆ ಮೇಲೆ ಕೈಯಿಟ್ಟು, "ಧೈರ್ಯ ತಗೋರಿ, ನಾ ಇದ್ದೇನಿ" ಎಂದರು. ಐದು ನಿಮಿಷಕ್ಕೆ ಗಡಿಯಾರ ನೋಡಿ ಎದ್ದು, ಚಪ್ಪಲಿ ಮೆಟ್ಟಿ, ಹೋಗಿ ಜೀಪಿನಲ್ಲಿ ಕುಳಿತರು. ಸಿಲಾಸ ಕಣ್ಣೊರೆಸಿಕೊಳ್ಳುತ್ತ, "ಎಲ್ಲಿಗ್ರಿ ಸಾಹೇಬ್ರ?" ಎಂದ. ಸಾಹೇಬರು ತಮ್ಮ ಮನೆಯ ಬಾಗಿಲನ್ನೇ ಬಹಳ ಹೊತ್ತು ನೋಡಿ ಕೇಳಿದರು: "ತೀರಿಕೊಂಡವರ ಹೆಸರು ನೀ ಹೇಳಲೇ ಇಲ್ಲಲ್ಲೋ, ಸಿಲಾಸ?"