ಹತ್ತು ಸಾವಿರದ ಏಳು ವಾಷರ್

“ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ಆಕಿ ಏನ್ ಕಾರ್ಖಾನಿ ನಡಸ್ತಾಳ?” ಎಂದಿದ್ದವನು ನನ್ನ ಒಡಹುಟ್ಟಿದ ಅಣ್ಣ. ನಾನು ರದ್ದಿ ಅಂಗಡಿಯಿಂದ ಗಣಿತದ ಪುಸ್ತಕ ತಂದು ಓದಿದೆ. ನಟ್ಟು-ಬೋಲ್ಟಿನ ನಡುವೆ ಹಾಕುವ ವಾಷರ್ ಒತ್ತುವ ಯಂತ್ರವನ್ನೂ ತಂದೆ.

ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಯಿಂದ ಮೊದಲ ದೊಡ್ಡ ಆರ್ಡರ್ ಬಂತು: ಹತ್ತು ಸಾವಿರ ವಾಷರ್, ಜೊತೆಗೆ ಪರೀಕ್ಷೆಗೆಂದು ಏಳು. ನೂರರ ಡಬ್ಬಿ ನೂರು ಕಟ್ಟಿ, ಆ ಏಳನ್ನು ಬೇರೆ ಪೊಟ್ಟಣ ಮಾಡಿ ಒಯ್ದೆ.

ಸ್ಟೋರಿನ ಸಾಹೇಬರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಎಲ್ಲಾ ಡಬ್ಬಿಯೊಳಗ ಒಂದೇ ಸಮ ಇರಬೇಕ್ರಿ ಅಕ್ಕಾರ. ಇಲ್ಲಂದ್ರ ಕಂಪ್ಯೂಟರ್ ತೊಗೊಳ್ಳಂಗಿಲ್ಲ, ಮಾಲು ವಾಪಸ್.”

“ಹತ್ತು ಸಾವಿರದ ಏಳನ್ನ ಸಮ ಹಂಚಾಕ ಬರಂಗಿಲ್ರಿ ಸಾಹೇಬ್ರ.”

“ನಮಗ ಲೆಕ್ಕ ಕಲಸ್ತೀರೇನು?” ಎಂದು ಕ್ಯಾಲ್ಕುಲೇಟರ್ ಎಳೆದುಕೊಂಡರು. ಮೂರರಿಂದ ಭಾಗಿಸಿದರು, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ. ಪ್ರತಿ ಸಲವೂ ಶೇಷ ಉಳಿಯಿತು.

“ನೂರರ ತನಕ ನೋಡಿದ್ರ ಸಾಕ್ರಿ. ನೂರ ನೂರ್ಲೆ ಹತ್ತು ಸಾವಿರ ಆತಲ್ರಿ, ಅದರ ಮುಂದ ಹೊಸಾದೇನೂ ಸಿಗಂಗಿಲ್ಲ” ಎಂದು ಧೈರ್ಯ ಹೇಳಿ ನಾನು ಕುರ್ಚಿಯಲ್ಲಿ ಕೂತೆ. ನಲವತ್ತೇಳಕ್ಕೆ ಬರುವಷ್ಟರಲ್ಲಿ ಅವರು ಬೆವರು ಒರೆಸಿಕೊಂಡರು.

“ಹಂಗಾರ ಏನ್ ಮಾಡೂದ್ರಿ?”

“ಎರಡ ದಾರಿ ಅದಾವ್ರಿ. ಒಂದೊಂದು ವಾಷರಿಗೆ ಒಂದೊಂದು ಡಬ್ಬಿ ತರಸ್ರಿ. ಇಲ್ಲಾ, ಎಲ್ಲಾ ಸೇರಿ ಒಂದ ಡಬ್ಬಿ ಅನ್ರಿ.”

ನನ್ನನ್ನೇ ದುರುಗುಟ್ಟಿ ನೋಡಿ, ಖಾಲಿ ಡ್ರಮ್ ತರಿಸಿದರು. ಚೆಂದವಾಗಿ ಕಟ್ಟಿದ್ದ ನೂರು ಡಬ್ಬಿಗಳನ್ನೂ ಆ ಏಳರ ಪೊಟ್ಟಣವನ್ನೂ ಅದಕ್ಕೆ ನಾನೇ ಸುರಿದೆ. ಡಬ್ಬಿ ಒಂದು ಎಂದು ಒತ್ತಿದೊಡನೆ ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿತು.

ಈಗ ನನ್ನ ಹೆಸರಿನಲ್ಲಿ ಮೂರು ಯಂತ್ರಗಳಿವೆ. ಅವಕ್ಕೆ ಹನ್ನೆರಡು ವರ್ಷ ಕೊಟ್ಟಿದ್ದೇನೆ, ಎಡಗೈ ಕಿರುಬೆರಳಿನ ಅರ್ಧವನ್ನೂ ಕೊಟ್ಟಿದ್ದೇನೆ. ಬೆರಳ ಮೇಲೆ ಎಣಿಸಿದರೆ ಮಾತ್ರ ನನ್ನ ಲೆಕ್ಕ ಒಂಬತ್ತೂವರೆಗೇ ನಿಲ್ಲುತ್ತದೆ.